ಭಸ್ಮಾಸುರನ ಕೈ, ಮೇಜಿನಡಿಯ ಬಾಂಬು

ಸಸ್ಪೆನ್ಸ್ ಸಿನಿಮಾ ಎಂದರೆ ಕೊನೆಯ ರೀಲಿನ ತನಕ ಗುಟ್ಟು ಬಿಟ್ಟುಕೊಡದ ಸಿನಿಮಾ ಎಂದು ಬಹಳ ಜನ ತಿಳಿದಿದ್ದಾರೆ. ಕೊಲೆ ಮಾಡಿದವರು ಯಾರು ಎಂದು ಗೊತ್ತಾದ ಮೇಲೆ ನೋಡುವುದಕ್ಕೆ ಏನು ಉಳಿಯಿತು ಎನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಇಂಥ ಚಿತ್ರಗಳ ಹಿಂದೆ ಬಿದ್ದವನು. ಈಗ ಎಪ್ಪತ್ತು ದಾಟಿದೆ. ಬ್ಯಾಂಕಿನ ಲೆಡ್ಜರಿಗಿಂತ ಹೆಚ್ಚು ಶ್ರದ್ಧೆಯಿಂದ ನಾನು ನೋಡಿದ್ದು ಸಿನಿಮಾವನ್ನೇ ಎಂದು ನಮ್ಮನೆಯವಳ ಆರೋಪ. ಇಷ್ಟು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು: ಗುಟ್ಟು ಮುಚ್ಚಿಡುವುದು ಸುಲಭ. ಗುಟ್ಟನ್ನು ಮೊದಲೇ ಹೇಳಿ, ಆಮೇಲೂ ನಮ್ಮನ್ನು ಎದ್ದು ಹೋಗಲು ಬಿಡದಿರುವುದು ಕಷ್ಟ.

ಇದನ್ನು ನಾನು ಇಂಗ್ಲಿಷ್ ಚಿತ್ರ ನೋಡಿ ಕಲಿತದ್ದಲ್ಲ, ಆಟ ನೋಡಿ ಕಲಿತದ್ದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಆಟ ಎಂದರೆ ಯಕ್ಷಗಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ. ‘ಭಸ್ಮಾಸುರ ಮೋಹಿನಿ’ ಪ್ರಸಂಗದ ಕೊನೆ ಗೊತ್ತಿಲ್ಲದ ಮಗು ಇಲ್ಲಿ ಇರಲಿಕ್ಕಿಲ್ಲ. ಯಾರ ತಲೆಯ ಮೇಲೆ ಕೈಯಿಟ್ಟರೆ ಅವರು ಬೂದಿಯಾಗುವ ವರ ಪಡೆದ ರಾಕ್ಷಸ, ಕಡೆಗೆ ಮೋಹಿನಿ ಕುಣಿದಂತೆ ಕುಣಿಯುತ್ತ ತನ್ನ ತಲೆಯ ಮೇಲೆಯೇ ಕೈ ಇಟ್ಟುಕೊಳ್ಳುತ್ತಾನೆ. ಇದು ಗೊತ್ತಿದ್ದೂ ಗದ್ದೆಬಯಲಿನಲ್ಲಿ ಕಂಬಳಿ ಹೊದ್ದು ಬೆಳಗಿನ ಜಾವದ ತನಕ ಕುಳಿತವರು ನಾವು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮೋಹಿನಿಯ ಕೈ ಸೊಂಟಕ್ಕೆ ಬಂತು, ಇವನದೂ ಬಂತು. ಅವಳ ಕೈ ಹೆಗಲಿಗೆ ಹೋಯಿತು, ಇವನದೂ ಹೋಯಿತು. ಚಂಡೆಯ ಪೆಟ್ಟು ಬಿರುಸಾಗುತ್ತದೆ, ಕೈ ಕಿರೀಟದ ಹತ್ತಿರ ಬರುತ್ತದೆ, ಮತ್ತೆ ಕೆಳಗಿಳಿಯುತ್ತದೆ. ‘ಇನ್ನೇನು ಇಟ್ಟ’ ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಳ್ಳಬೇಕು. ಆ ಸಾವು ನಮಗೆಲ್ಲ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಇಡೀ ರಾತ್ರಿಯ ರಸ ಇರುವುದು ಅಲ್ಲಿ.

ಆ ಭಸ್ಮಾಸುರ ಸುಟ್ಟು ಬೂದಿಯಾದ ಜಾಗ ನಮ್ಮ ಯಾಣವೇ ಎಂದು ಸ್ಥಳಪುರಾಣ. ಅಲ್ಲಿಯ ಕಪ್ಪು ಬಂಡೆಗಳಲ್ಲಿ ದೊಡ್ಡದು ಭೈರವೇಶ್ವರ ಶಿಖರ, ಸುಮಾರು 120 ಮೀಟರ್ ಎತ್ತರ. ಪಕ್ಕದ್ದು ಮೋಹಿನಿ ಶಿಖರ, 90 ಮೀಟರ್. ಸುತ್ತಲಿನ ಮಣ್ಣು ಕಪ್ಪಾಗಿರುವುದು ಆ ಬೂದಿಯಿಂದ ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಸಸ್ಪೆನ್ಸಿಗೆ ಇಷ್ಟು ಎತ್ತರದ ಸ್ಮಾರಕ ಬೇರೆ ಯಾವ ಊರಿನಲ್ಲಿದೆ, ಹೇಳಿ?

ಇದನ್ನೇ ಆಲ್ಫ್ರೆಡ್ ಹಿಚ್‌ಕಾಕ್ ಬೇರೆ ಉದಾಹರಣೆ ಕೊಟ್ಟು ವಿವರಿಸಿದ್ದಾರೆ. ‘ಸೈಕೋ’, ‘ರಿಯರ್ ವಿಂಡೋ’ ಮಾಡಿದ ದೊಡ್ಡ ನಿರ್ದೇಶಕ. 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರುಫೋ ಅವರಿಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಇಬ್ಬರು ಮೇಜಿನ ಮುಂದೆ ಕುಳಿತು ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬು ಸಿಡಿಯುತ್ತದೆ. ನೋಡುವವರು ಒಂದು ಕ್ಷಣ ಬೆಚ್ಚುತ್ತಾರೆ, ಅಷ್ಟೆ. ಅದರ ಬದಲು ಬಾಂಬು ಮೇಜಿನ ಕೆಳಗಿದೆ, ಇನ್ನು ಹದಿನೈದು ನಿಮಿಷಕ್ಕೆ ಸಿಡಿಯುತ್ತದೆ ಎಂದು ನೋಡುವವರಿಗೆ ಮೊದಲೇ ತೋರಿಸಿ. ಆಗ ಅದೇ ಕೆಲಸಕ್ಕೆ ಬಾರದ ಹರಟೆಯನ್ನು ಉಸಿರು ಬಿಗಿಹಿಡಿದು ಕೇಳುತ್ತಾರೆ; ‘ಮಾತು ಸಾಕು, ಏಳಿ’ ಎಂದು ಒಳಗೊಳಗೇ ಕೂಗುತ್ತಾರೆ.

ನಮ್ಮ ಚಂದ್ರಹಾಸನ ಕಥೆಯೂ ಹೀಗೇ ಅಲ್ಲವೇ? ಮಂತ್ರಿ ದುಷ್ಟಬುದ್ಧಿ ‘ಇವನಿಗೆ ವಿಷ ಕೊಡು’ ಎಂದು ಮಗನಿಗೆ ಬರೆದ ಪತ್ರವನ್ನು ಚಂದ್ರಹಾಸನೇ ಹೊತ್ತುಕೊಂಡು ಹೊರಡುತ್ತಾನೆ. ತನ್ನ ಸಾವಿನ ಆಜ್ಞೆ ಸೊಂಟದಲ್ಲಿಟ್ಟುಕೊಂಡು ಉದ್ಯಾನದಲ್ಲಿ ಹಾಯಾಗಿ ನಿದ್ದೆ ಮಾಡುತ್ತಾನೆ. ವಿಷಯೆ ಬಂದು ಓದಿ ಒಂದೇ ಒಂದು ಅಕ್ಷರ ತಿದ್ದುವ ತನಕ ನಾವು ಸುಮ್ಮನೆ ಕುಳಿತಿರಬೇಕು. ಲಕ್ಷ್ಮೀಶನ ಜೈಮಿನಿ ಭಾರತ ಓದಿಸಿ ಕೇಳಿದ ಊರಿನವರಿಗೆ ಹಿಚ್‌ಕಾಕ್ ಹೊಸದಾಗಿ ಏನನ್ನೂ ಹೇಳಿಕೊಡಲಿಲ್ಲ ಎಂದು ನನ್ನ ವಾದ. ಚೆನ್ನಾಗಿ ಹೇಳಿದರು ಎನ್ನುವುದನ್ನು ಒಪ್ಪುತ್ತೇನೆ.

ಸಿನಿಮಾದ ಹುಚ್ಚು ನನಗೆ ಪೂರ್ತಿ ಹತ್ತಿದ್ದು ಹುಬ್ಬಳ್ಳಿಯಲ್ಲಿ ಬಿ.ಕಾಂ. ಓದುವಾಗ. 1968ರಲ್ಲಿ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು. ಅಲ್ಲಿಯ ತನಕ ದೇವರ ಪಾತ್ರ, ರಾಜರ ಪಾತ್ರ, ಹಳ್ಳಿಯ ಪಾತ್ರದಲ್ಲಿ ಕಂಡಿದ್ದ ರಾಜಕುಮಾರ್ ಕೋಟು ತೊಟ್ಟು, ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಬಹಳ ಕಾಲ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಜೇಮ್ಸ್ ಬಾಂಡನ ಗಾಳಿ ಎಂಬುದು ಯಾರಿಗೂ ತಿಳಿಯುವಂಥದ್ದೇ. ಎಲ್ಲವನ್ನೂ ಎರಡೆರಡು ಸಲ ನೋಡಿದ್ದೇನೆ. ಆದರೂ ಇವು ಸಸ್ಪೆನ್ಸ್ ಚಿತ್ರಗಳಲ್ಲ. 999ಗೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೇ ಕೂರುತ್ತೇವೆ. ಮಾರಿಕಾಂಬಾ ಜಾತ್ರೆಯ ತೊಟ್ಟಿಲಿನ ಹಾಗೆ: ಮೇಲಕ್ಕೆ ಹೋದಾಗ ಹೊಟ್ಟೆಯಲ್ಲಿ ಗುಳುಗುಳು, ಕೆಳಗೆ ಬಂದರೆ ನಗು. ಅದೂ ಬೇಕು. ಜಾತ್ರೆಗೆ ಹೋಗಿ ತೊಟ್ಟಿಲು ಹತ್ತದೆ ಬರುತ್ತೇವೆಯೇ?

ನನ್ನನ್ನು ನಿಜಕ್ಕೂ ಕಾಡಿದ್ದು 1976ರ ‘ಪ್ರೇಮದ ಕಾಣಿಕೆ’. ‘ಶೋಲೆ’ ಬರೆದ ಸಲೀಂ-ಜಾವೇದ್ ಅವರ ಕಥೆ, ನಿರ್ದೇಶನ ವಿ. ಸೋಮಶೇಖರ್. ರೈಲಿನಲ್ಲಿ ಕೊಲೆಯೊಂದನ್ನು ಕಣ್ಣಾರೆ ಕಂಡ ಹೆಣ್ಣುಮಗಳು ಮುಂದೆ ತಾನು ಕೆಲಸಕ್ಕೆ ಬಂದ ಮನೆಯ ಯಜಮಾನನ ಮುಖ ನೋಡಿ ನಡುಗುತ್ತಾಳೆ. ಕೊಲೆಗಾರ ಯಾರು ಎಂಬ ಪ್ರಶ್ನೆಯೇ ಇಲ್ಲ, ಆತ ಸಾಕ್ಷಾತ್ ರಾಜಕುಮಾರ್! ಇವರು ಯಾಕೆ ಕೊಂದರು, ಇವಳು ಆ ಮನೆಯಲ್ಲಿ ಹೇಗೆ ಉಳಿಯುತ್ತಾಳೆ ಎನ್ನುವುದೇ ಚಿತ್ರ.

ನಾನು ಆಗ ಸಿದ್ದಾಪುರದಲ್ಲಿ ಕೆಲಸಕ್ಕಿದ್ದೆ. ಭಾನುವಾರ ಶಿರಸಿಗೆ ಬಂದು ಸಂಜೆಯ ಆಟಕ್ಕೆ ಕುಳಿತೆ. ಕರೆಂಟು ಒಂದು ಗಂಟೆ ಹೋಯಿತು. ವಸ್ತಿ ಬಸ್ಸು ತಪ್ಪಿದರೆ ಸೋಮವಾರ ಬೆಳಿಗ್ಗೆ ಕೌಂಟರಿನ ಬಾಗಿಲು ತೆಗೆಯುವವರಿಲ್ಲ. ಇನ್ನೂ ಎರಡು ರೀಲು ಇರುವಾಗ ಎದ್ದು ಓಡಿದೆ. ಮುಂದಿನ ಭಾನುವಾರ ಬಂದರೆ ಚಿತ್ರ ಎತ್ತಿಯಾಗಿತ್ತು. ಡಬ್ಬಿಗಳು ಬಸ್ಸಿನ ಮೇಲೆ ಹತ್ತಿ ಬೇರೆ ಊರಿಗೆ ಹೋಗಿದ್ದವು. ಸಹೋದ್ಯೋಗಿಯೊಬ್ಬರು ‘ನಾ ಹೇಳ್ತೆ ಕೇಳು ಮಾರಾಯಾ, ಎಂತಕ್ಕೆ ಒದ್ದಾಡ್ತೆ’ ಎಂದರು. ಕಿವಿ ಮುಚ್ಚಿಕೊಂಡೆ. ಕೆಲವು ವಾರ ಬಿಟ್ಟು ಯಲ್ಲಾಪುರದ ಟೆಂಟಿಗೆ ಅದೇ ಚಿತ್ರ ಬಂದಿದೆ ಎಂದು ತಿಳಿದು ಹೋದೆ. ಅಲ್ಲಿ ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹಾಕಿ ಇನ್ನೊಂದು ಏರಿಸುವ ತನಕ ಶೇಂಗಾ ತಿನ್ನುತ್ತ ಕಾಯಬೇಕು. ಆ ಕೊನೆಯ ಎರಡು ರೀಲು ನೋಡಿದಷ್ಟು ಗಮನದಿಂದ ನಾನು ಬೇರೆ ಯಾವುದನ್ನೂ ನೋಡಿಲ್ಲ. ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ನೋಡದವರು ಇನ್ನೂ ಇರುತ್ತಾರೆ.

‘ಗೊತ್ತಿದ್ದರೂ ನೋಡಬಹುದು ಎನ್ನುತ್ತೀರಿ, ಮತ್ತೆ ಕಿವಿ ಯಾಕೆ ಮುಚ್ಚಿಕೊಂಡಿರಿ?’ ಎಂದು ಕೇಳುವವರಿಗೆ ಉತ್ತರ ಇದೆ. ಇದರಲ್ಲಿ ಎರಡು ಜಾತಿ. ಒಂದು, ಒಗಟು. ಕಾಶಿನಾಥರ ‘ಅಪರಿಚಿತ’ (1978), ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989), ಈಚಿನ ‘ರಂಗಿತರಂಗ’ (2015) ಈ ಸಾಲಿನವು. ಒಗಟಿನ ಉತ್ತರವನ್ನು ಪಕ್ಕದ ಸೀಟಿನವನು ಮೊದಲೇ ಹೇಳಿದರೆ ಸಿಟ್ಟು ಬರುವುದು ನ್ಯಾಯ. ಆದರೆ ಒಳ್ಳೆಯ ಒಗಟು ಎರಡನೆಯ ಸಲವೂ ನೋಡಿಸಿಕೊಳ್ಳುತ್ತದೆ. ಉತ್ತರ ನಮ್ಮ ಕಣ್ಣೆದುರೇ ಇತ್ತಲ್ಲ ಎಂದು ಹುಡುಕುವ ಸುಖ ಸಿಗುತ್ತದೆ. ‘ತರ್ಕ’ ಹಾಗಿದೆ. ಒಂಟಿ ಮನೆ, ಒಂದು ಹೆಣ, ಹೊರಗಿನಿಂದ ಬಂದವನೊಬ್ಬ, ಹಾಡೇ ಇಲ್ಲ. ಶಂಕರನಾಗ್ ಮಾತಿಗಿಂತ ಹೆಚ್ಚಾಗಿ ಕಣ್ಣಿನಲ್ಲೇ ನಟಿಸಿದ್ದಾರೆ. ತಮಿಳಿನವರು ಮರುವರ್ಷವೇ ಅದನ್ನು ‘ಪುರಿಯಾದ ಪುದಿರ್’ ಎಂದು ಮಾಡಿಕೊಂಡರು. ಈಗಿನ ಕೆಲವು ಚಿತ್ರಗಳಲ್ಲಿ ಕೊನೆಯ ಹತ್ತು ನಿಮಿಷದಲ್ಲಿ, ಅಲ್ಲಿಯ ತನಕ ಮುಖವನ್ನೇ ತೋರಿಸದ ಒಬ್ಬ ಬಂದು ‘ನಾನೇ ಮಾಡಿದ್ದು’ ಎನ್ನುತ್ತಾನೆ. ಅದು ಒಗಟಲ್ಲ, ಮೋಸ. ಕೂಡಿಸಿದ ಮೊತ್ತ ತಾಳೆಯಾಗದಿದ್ದಾಗ ಕೆಳಗೆ ಒಂದು ಸಂಖ್ಯೆ ಸೇರಿಸಿ ಸರಿ ಮಾಡಿದ ಹಾಗೆ.

ಎರಡನೆಯ ಜಾತಿ ಭಸ್ಮಾಸುರನದು. ಶಂಕರನಾಗ್ ನಿರ್ದೇಶಿಸಿದ ‘ಮಿಂಚಿನ ಓಟ’ (1980) ಇಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಹೊನ್ನಾವರದ ಕಡೆಯವರು ಎಂಬ ಅಭಿಮಾನ ನನಗಿದೆ, ಅದನ್ನು ಬದಿಗಿಟ್ಟೇ ಹೇಳುತ್ತೇನೆ. ಜೈಲಿನಿಂದ ಪಾರಾಗಲು ಹೊರಟವರು ಕಳ್ಳರು ಎಂದು ಗೊತ್ತಿದ್ದೂ, ಸಿಕ್ಕಿಬೀಳದಿರಲಿ ಎಂದು ನಾವು ಹಾರೈಸುತ್ತೇವೆ. ‘ದೃಶ್ಯ’ವೂ ಹಾಗೇ. ಮಲಯಾಳದಲ್ಲಿ 2013ರಲ್ಲಿ ಬಂದದ್ದು, ಮರುವರ್ಷ ಕನ್ನಡದಲ್ಲಿ ರವಿಚಂದ್ರನ್ ಮಾಡಿದರು. ಆ ಮನೆಯಲ್ಲಿ ಏನಾಯಿತು ಎಂದು ನಮಗೆ ಆರಂಭದಲ್ಲೇ ತೋರಿಸುತ್ತಾರೆ, ಪೊಲೀಸರಿಗೆ ಗೊತ್ತಿಲ್ಲ. ಅದರ ನಾಯಕ ಕೇಬಲ್ ಟಿ.ವಿ. ನಡೆಸುವವನು, ಹಗಲಿರುಳು ಸಿನಿಮಾ ನೋಡುವವನು, ಹಾಗೆ ನೋಡಿ ಕಲಿತದ್ದರಿಂದಲೇ ಮನೆಯವರನ್ನು ಕಾಪಾಡಲು ಹೊರಡುವವನು. ಇದನ್ನು ನಮ್ಮನೆಯವಳಿಗೆ ತೋರಿಸಿ ‘ನೋಡು’ ಎಂದೆ. ‘ಅವನಿಗೆ ಉಪಯೋಗಕ್ಕೆ ಬಂತು’ ಎಂದಳು.

ಈ ಜಾತಿಯಲ್ಲಿ ಕನ್ನಡದ ಮಟ್ಟಿಗೆ ನನ್ನ ಮೊದಲ ಮಣೆ ‘ನಿಷ್ಕರ್ಷ’ಕ್ಕೆ. 1993ರದ್ದು, ಮತ್ತೆ ದೇಸಾಯಿಯವರದ್ದೇ. ಬೆಂಗಳೂರಿನ ಡಿಕನ್ಸನ್ ರಸ್ತೆಯ ಮಣಿಪಾಲ್ ಸೆಂಟರ್ ಕಟ್ಟಡದಲ್ಲಿ ತೆಗೆದದ್ದು. ದರೋಡೆಕೋರರು ಬ್ಯಾಂಕಿಗೆ ನುಗ್ಗಿ ಒಳಗಿದ್ದವರನ್ನು ಒತ್ತೆ ಹಿಡಿಯುತ್ತಾರೆ. ಹೊರಗೆ ಪೊಲೀಸ್ ಅಧಿಕಾರಿಯಾಗಿ ಅನಂತನಾಗ್, ಕಮಾಂಡೋ ಆಗಿ ವಿಷ್ಣುವರ್ಧನ್. ಇದರಲ್ಲೂ ಹಾಡಿಲ್ಲ. ವಿಷ್ಣುವರ್ಧನ್ ಅವರಂಥ ದೊಡ್ಡ ನಟನನ್ನು ಇಟ್ಟುಕೊಂಡು ಒಂದು ಹಾಡೂ ಇಲ್ಲದ ಚಿತ್ರ ಮಾಡಲು ಎದೆಗಾರಿಕೆ ಬೇಕು. ಅಮೆರಿಕದ ‘ಡೈ ಹಾರ್ಡ್’ (1988) ನೆರಳು ಇದೆ ಎನ್ನುವವರಿದ್ದಾರೆ. ಇರಲಿ. ಒಳಗಿನದು, ಹೊರಗಿನದು ಎರಡೂ ನಮಗೆ ಕಾಣುತ್ತಿರುತ್ತದೆ. ಅವರಿಗೆ ಒಂದೊಂದೇ ಕಾಣುತ್ತದೆ. ಆ ಅಂತರವೇ ಇಡೀ ಚಿತ್ರವನ್ನು ಎಳೆದುಕೊಂಡು ಹೋಗುತ್ತದೆ.

ಬ್ಯಾಂಕಿನವನಾಗಿ ಒಂದು ಮಾತು. ಸಿನಿಮಾದ ಬ್ಯಾಂಕುಗಳಲ್ಲಿ ಮ್ಯಾನೇಜರನ ಹಣೆಗೆ ಪಿಸ್ತೂಲು ಹಿಡಿದರೆ ಸಾಕು, ಸ್ಟ್ರಾಂಗ್ ರೂಮು ತೆರೆಯುತ್ತದೆ. ನಿಜದಲ್ಲಿ ಅದಕ್ಕೆ ಎರಡು ಕೀಲಿ, ಇಬ್ಬರ ಹತ್ತಿರ. ಒಬ್ಬರಿಂದ ಆಗುವ ಕೆಲಸವಲ್ಲ. ಇನ್ನು ಬ್ಯಾಂಕಿನ ದೊಡ್ಡ ಸಸ್ಪೆನ್ಸ್ ಯಾವ ಸಿನಿಮಾದಲ್ಲೂ ಬಂದಿಲ್ಲ: ಸಂಜೆ ಕ್ಯಾಷು ತಾಳೆಯಾಗದಿರುವುದು. ಅಡಿಕೆ ಸುಗ್ಗಿಯ ಒಂದು ದಿನ ಸಾವಿರ ರೂಪಾಯಿ ಕಡಿಮೆ ಬಂತು. ಆ ಕಾಲದ ಸಾವಿರ. ಕ್ಯಾಷಿಯರ್ ಕೈಯಿಂದ ತುಂಬಬೇಕು, ಅವರ ಮಗಳ ಮದುವೆ ಗೊತ್ತಾಗಿತ್ತು. ರಾತ್ರಿ ಒಂಬತ್ತರ ತನಕ ಎಲ್ಲರೂ ಕಟ್ಟು ಬಿಚ್ಚಿ ಎಣಿಸಿದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಘಟ್ಟದಂಚಿನ ಊರಿನ ಮುದುಕರೊಬ್ಬರು ಬಂದು, ಅಡಿಕೆ ದುಡ್ಡಿನಲ್ಲಿ ಹೆಚ್ಚು ಬಂದದ್ದನ್ನು ಕೌಂಟರಿನ ಮೇಲಿಟ್ಟು ‘ಎಣಿಸಿಕೊಳ್ಳಿ’ ಎಂದರು. ಹಿನ್ನೆಲೆ ಸಂಗೀತ ಇರಲಿಲ್ಲ. ಕ್ಯಾಷಿಯರ್ ಕನ್ನಡಕ ತೆಗೆದು ಒರೆಸಿಕೊಂಡರು.

ಸಾಹಸದ ಚಿತ್ರಗಳ ವಿಷಯದಲ್ಲಿ ಕಾಡಿನ ಪಕ್ಕ ಬೆಳೆದವರು ಸ್ವಲ್ಪ ಕಟ್ಟುನಿಟ್ಟು. ಮಳೆಗಾಲದ ಕಾಡು ತೋರಿಸಿ ಒಂದೂ ಉಂಬಳ ಹತ್ತದಿದ್ದರೆ ನಾವು ನಂಬುವುದಿಲ್ಲ. 1973ರ ‘ಗಂಧದ ಗುಡಿ’ಯನ್ನು ನಂಬಿದೆವು. ಅಲ್ಲಿಯ ತನಕ ಸಿನಿಮಾದ ಕಾಡು ಹಾಡಿಗೆ ಹಿನ್ನೆಲೆ ಪರದೆಯಾಗಿತ್ತು. ಇಲ್ಲಿ ಅದು ಕಳ್ಳರಿಂದ ಕಾಯಬೇಕಾದ ಆಸ್ತಿಯಾಯಿತು. ಹತ್ತು ವರ್ಷ ಕಳೆದು, 1983ರಲ್ಲಿ ನಮ್ಮ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತರು. ಸಿನಿಮಾ ನೋಡಿ ನಿಂತರು ಎಂದು ನಾನು ಹೇಳುತ್ತಿಲ್ಲ. ಆದರೆ ಅಪ್ಪಿಕೋ ಸುದ್ದಿ ಕೇಳಿದ ದಿನ ನನಗೆ ನೆನಪಾದದ್ದು ಆ ಚಿತ್ರ.

ಸಾಹಸದ ನಿಜವಾದ ಪಾಠ ನನಗೆ ಆದದ್ದು ಕಾಲುಸಂಕದ ಮೇಲೆ. ಪೇಟೆಯ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ: ಹಳ್ಳದ ಮೇಲೆ ಆ ದಂಡೆಯಿಂದ ಈ ದಂಡೆಗೆ ಹಾಕಿದ ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ಆಷಾಢದಲ್ಲಿ ಕೆಳಗೆ ಕೆಂಪು ನೀರು ಬೊಬ್ಬೆ ಹೊಡೆಯುತ್ತಿರುತ್ತದೆ, ದಿಮ್ಮಿಯ ಮೇಲೆ ಪಾಚಿ. ಅದನ್ನು ದಾಟಿ ಶಾಲೆಗೆ ಹೋಗಬೇಕು. ‘ಹಳ್ಳ ನೋಡಡ, ಸಂಕ ನೋಡು’ ಎಂದು ಆಯಿ ಹಿಂದಿನಿಂದ ಕೂಗುತ್ತಿದ್ದಳು. ನಾವು ಆಚೆ ಮುಟ್ಟಿ ಕೊಡೆ ಎತ್ತಿ ತೋರಿಸುವ ತನಕ ಮಳೆಯಲ್ಲೇ ನಿಂತಿರುತ್ತಿದ್ದಳು. ದಾಟುವ ನಮಗೆ ಅದು ಆಟ, ನೋಡುವ ಅವಳಿಗೆ ಸಸ್ಪೆನ್ಸ್. ಸಾಹಸದ ಚಿತ್ರ ಮಾಡುವವರು ನಮ್ಮನ್ನು ಆಯಿಯ ಜಾಗದಲ್ಲಿ ನಿಲ್ಲಿಸಬೇಕು. ಮೊದಲು ಸಂಕ ತೋರಿಸಿ, ಪಾಚಿ ತೋರಿಸಿ, ನೀರಿನ ಸದ್ದು ಕೇಳಿಸಿ, ಆಮೇಲೆ ಮಗುವನ್ನು ಕಳಿಸಿ. ಈಗ ಕಂಪ್ಯೂಟರಿನಲ್ಲಿ ಹತ್ತು ಸಂಕ ಒಟ್ಟಿಗೆ ಮುರಿಯುತ್ತವೆ, ನಾಯಕ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಾನೆ, ನನಗೆ ಆಕಳಿಕೆ ಬರುತ್ತದೆ. ಭಾರವಿಲ್ಲದವನು ಬಿದ್ದರೆ ಯಾರಿಗೆ ಭಯ? 1975ರ ‘ಜಾಸ್’ ಚಿತ್ರದಲ್ಲಿ ಯಂತ್ರದ ಶಾರ್ಕು ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟುಹೋಗುತ್ತಿತ್ತಂತೆ. ಹಾಗಾಗಿ ಸ್ಪೀಲ್‌ಬರ್ಗ್ ಮೀನನ್ನು ಕಡಿಮೆ ತೋರಿಸಿ ನೀರನ್ನೇ ಹೆಚ್ಚು ತೋರಿಸಬೇಕಾಯಿತು. ಜನ ಹೆದರಿದ್ದು ಆ ನೀರಿಗೆ.

ದೇಸಾಯಿಯವರು 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ಗಾಗಿ ಯಾಣಕ್ಕೆ ಬಂದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪ್ರೇಮಕಥೆ, ಸಾಹಸದ್ದಲ್ಲ. ಆದರೆ ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಇದ್ದ ಜಾಗಕ್ಕೆ ಆ ಚಿತ್ರ ಬಂದ ಮೇಲೆ ಸೊಕ್ಕು ಇಲ್ಲದವರೂ ಬರತೊಡಗಿದರು.

ಇನ್ನು ಮಕ್ಕಳ ವಿಷಯ. ನನ್ನ ಮೊಮ್ಮಗನಿಗೆ ಹತ್ತು ವರ್ಷ, ಬೆಂಗಳೂರಿನಲ್ಲಿ ಓದುತ್ತಾನೆ, ಮೇ ತಿಂಗಳು ಇಲ್ಲಿ. ಸಿನಿಮಾ ಶುರುವಾಗುವ ಮೊದಲೇ ಮೊಬೈಲಿನಲ್ಲಿ ಕೊನೆ ಹುಡುಕುತ್ತಾನೆ. ‘ನಾಯಿ ಸಾಯ್ತಾ ಅಜ್ಜಾ?’ ಎನ್ನುವುದು ಅವನ ಮೊದಲ ಪ್ರಶ್ನೆ. ಅವನಪ್ಪನಿಗೆ ಇದು ಹೇಡಿತನ ಅನ್ನಿಸುತ್ತದೆ, ನನಗೆ ಅನ್ನಿಸುವುದಿಲ್ಲ. ನಾಯಿ ಬದುಕುತ್ತದೆ ಎಂದು ಗೊತ್ತಿದ್ದೂ ಅವನು ಅದು ನೀರಿಗೆ ಬಿದ್ದಾಗ ನನ್ನ ಪಂಚೆ ಹಿಡಿದುಕೊಳ್ಳುತ್ತಾನೆ. ಭಸ್ಮಾಸುರನನ್ನು ನೋಡಿದ ನಾವೂ ಹಾಗೇ ಇದ್ದೆವಲ್ಲ.

ಮಗುವಿನ ಮೇಲೆ ಸಸ್ಪೆನ್ಸ್ ಕಟ್ಟುವವರು ಹೇಗಿರಬೇಕು ಎಂಬುದಕ್ಕೆ ಹಿಚ್‌ಕಾಕ್ ಅವರದೇ ಒಂದು ಉದಾಹರಣೆ ಇದೆ. 1936ರ ‘ಸ್ಯಾಬೊಟಾಜ್’ನಲ್ಲಿ ಒಬ್ಬ ಹುಡುಗ ಸಿನಿಮಾ ರೀಲಿನ ಡಬ್ಬಿಗಳ ಜೊತೆಗೆ ಒ‌ಂದು ಪೊಟ್ಟಣ ಹಿಡಿದು ಲಂಡನ್ನಿನ ಬಸ್ಸು ಹತ್ತುತ್ತಾನೆ. ಅದರಲ್ಲಿ ಬಾಂಬು ಇರುವುದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ದಾರಿಯುದ್ದಕ್ಕೂ ತಡವಾಗುತ್ತದೆ. ಕಡೆಗೆ ಬಾಂಬು ಸಿಡಿದು ಹುಡುಗ ಸಾಯುತ್ತಾನೆ. ಹಾಗೆ ಮಾಡಬಾರದಿತ್ತು ಎಂದು ಹಿಚ್‌ಕಾಕ್ ಆಮೇಲೆ ಹೇಳಿಕೊಂಡರು. ಅಷ್ಟು ಹೊತ್ತು ಕಾಯಿಸಿದ ಮೇಲೆ ನೋಡುವವರಿಗೆ ಬಿಡುಗಡೆ ಕೊಡಬೇಕಿತ್ತು ಎಂಬುದು ಅವರ ಮಾತಿನ ಸಾರ. ಬಸ್ಸಿನ ಮೇಲೆ ಸಿನಿಮಾ ಡಬ್ಬಿ ಬರುವುದನ್ನು ಕಾದು ನಿಂತ ನನ್ನಂಥವನಿಗೆ ಆ ದೃಶ್ಯ ಇನ್ನೂ ಸ್ವಲ್ಪ ಹೆಚ್ಚೇ ನಾಟಿತು.

ಮಕ್ಕಳಿಗೆಂದೇ ನಮ್ಮಲ್ಲಿ ಆದ ಸಾಹಸದ ಚಿತ್ರಗಳು ಕಡಿಮೆ. ಗೀತಪ್ರಿಯರ ‘ಪುಟಾಣಿ ಏಜೆಂಟ್ 123’ (1979), ರಾಜೇಂದ್ರಸಿಂಗ್ ಬಾಬು ಅವರ ‘ಸಿಂಹದ ಮರಿ ಸೈನ್ಯ’ (1981) ಥಟ್ಟನೆ ನೆನಪಾಗುತ್ತವೆ. ಎರಡನೆಯದರಲ್ಲಿ ಹುಡುಗ ಅರ್ಜುನ್ ಸರ್ಜಾ ಮೊದಲ ಸಲ ಕಂಡದ್ದು. ಈಗ ನೋಡಿದರೆ ಖಳರು ತೀರ ಪೆದ್ದರಂತೆ ಕಾಣುತ್ತಾರೆ. ಮೊಮ್ಮಗ ಅದಕ್ಕೇ ಬಿದ್ದು ಬಿದ್ದು ನಗುತ್ತಾನೆ.

ಕಳೆದ ಮೇ ತಿಂಗಳಲ್ಲಿ ಅವನಿಗೆ ‘ಬೆಳದಿಂಗಳ ಬಾಲೆ’ (1995) ತೋರಿಸಿದೆ. ಇದೂ ದೇಸಾಯಿಯವರದ್ದು, ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ. ಚೆಸ್ ಗ್ರ್ಯಾಂಡ್‌ಮಾಸ್ಟರ್ ಆದ ಅನಂತನಾಗ್‌ಗೆ ಅಪರಿಚಿತ ಹುಡುಗಿಯೊಬ್ಬಳು ಫೋನು ಮಾಡಿ ‘ನನ್ನನ್ನು ಹುಡುಕಿ’ ಎಂದು ಸವಾಲು ಹಾಕುತ್ತಾಳೆ. ಕೊಲೆ ಇಲ್ಲ, ಬಂದೂಕು ಇಲ್ಲ, ಇರುವುದು ಒಂದು ದನಿ ಮತ್ತು ಕಳೆಯುತ್ತಿರುವ ದಿನಗಳು. ಹುಡುಗ ಚೆಸ್ ಆಡುತ್ತಾನೆ ಎಂದು ಧೈರ್ಯ ಮಾಡಿದೆ. ಫೋನು ಗೋಡೆಗೆ ಯಾಕೆ ತಂತಿಯಿಂದ ಕಟ್ಟಿದೆ, ಯಾರು ಕರೆದರು ಎಂದು ಅದರಲ್ಲೇ ಯಾಕೆ ಕಾಣುವುದಿಲ್ಲ ಎಂದು ವಿವರಿಸಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಮೊಬೈಲು ಮುಟ್ಟಲಿಲ್ಲ. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದು, ‘ಮೊದಲೇ ಯಾಕೆ ಹೇಳಲಿಲ್ಲ ಅಜ್ಜಾ?’ ಎಂದು ಕೇಳಿದ. ‘ಹೇಳಿದ್ದರೆ ನೋಡುತ್ತಿದ್ದೆಯಾ?’ ಎಂದೆ. ಇಲ್ಲ ಎಂದು ತಲೆಯಾಡಿಸಿದ. ಮರುದಿನ ಸಂಜೆ ಚೆಸ್ ಬೋರ್ಡು ತಂದು ನನ್ನೆದುರು ಕುಳಿತು, ಮೊದಲ ಅರ್ಧ ಚಿತ್ರ ಮತ್ತೊಮ್ಮೆ ಹಾಕು ಎಂದ.

ಈ ವರ್ಷ ‘ನಿಷ್ಕರ್ಷ’ ತೋರಿಸಬೇಕೆಂದು ನನ್ನ ಆಸೆ. ಗುಂಡು ಹಾರುತ್ತದೆ, ಜನ ಸಾಯುತ್ತಾರೆ, ಇನ್ನೂ ಎರಡು ವರ್ಷ ಹೋಗಲಿ ಎಂದು ಸೊಸೆ. ಒಂದು ವರ್ಷ ಸಾಕು, ಪಕ್ಕದಲ್ಲಿ ನಾನು ಕೂತಿರುತ್ತೇನಲ್ಲ ಎಂದು ನಾನು. ಮಾತುಕತೆ ನಡೆದಿದೆ.